ಮಾರುವವನ ಸಿಡುಕು ಮರಿಯ ಗುಣವಲ್ಲ

ಕುದುರೆ ಸಾಕುವವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ: ಒಳ್ಳೆಯ ತಳಿಯ ಮರಿ ಬೇಕೆಂದರೆ ಬ್ರೀಡರ್‌ನ ಸಿಡುಕನ್ನು ಸಹಿಸಿಕೊಳ್ಳಬೇಕು. ಫೋನ್ ಎತ್ತದಿದ್ದರೆ ಮತ್ತೆ ಮಾಡಬೇಕು. ಗದರಿಸಿದರೆ ಕೇಳಿಸಿಕೊಳ್ಳಬೇಕು. ಬೆಲೆ ಹೇಳಿದ ಮೇಲೆ ಪ್ರಶ್ನೆ ಕೇಳಬಾರದು. ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆ, ಮರಿ ಬೇರೆಯವರ ಪಾಲಾಗುತ್ತದೆ. ಮೊದಲ ಕುದುರೆ ಕೊಳ್ಳಲು ಹೊರಟ ಹುಡುಗರಿಗೆ ಹಳಬರು ಹೇಳಿಕೊಡುವ ಮೊದಲ ಪಾಠವೇ ಇದು. ಇದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಕಣ್ಣಾರೆ ನೋಡದೆ ಕೊಂಡು ಮೋಸಹೋದರೆ ಅದು ಕೊಂಡವನದೇ ತಪ್ಪು.

ಎರಡೂ ಮಾತು ತಪ್ಪು. ಮೊದಲನೆಯದು ಕೇಳಬೇಡ ಎನ್ನುತ್ತದೆ. ಎರಡನೆಯದು ಕೇಳದೆ ಇದ್ದದ್ದಕ್ಕೆ ನೀನೇ ಹೊಣೆ ಎನ್ನುತ್ತದೆ. ಅನುಭವದ ಹೆಸರಿನಲ್ಲಿ ಹರಿದಾಡುವ ಈ ಬುದ್ಧಿವಾದದಿಂದ ಲಾಭವಾಗುವುದು ಹುಳುಕು ಮುಚ್ಚಿಟ್ಟು ಮಾರುವವನೊಬ್ಬನಿಗೆ. ನಷ್ಟವಾಗುವುದು ಮೂವರಿಗೆ: ಕೊಳ್ಳುವವನಿಗೆ, ಪ್ರಾಮಾಣಿಕವಾಗಿ ಕುದುರೆ ಬೆಳೆಸುವವನಿಗೆ, ಎಲ್ಲರಿಗಿಂತ ಹೆಚ್ಚಾಗಿ ಆ ಮರಿಗೆ.

ನಾನು ಹೇಳುತ್ತಿರುವುದು ಮಾರ್ವಾಡಿ, ಕಾಠಿಯಾವಾಡಿ ಮರಿಗಳ ವ್ಯಾಪಾರದ ಬಗ್ಗೆ. ಕುಣಿಗಲ್‌ನ ಕುದುರೆ ಫಾರ್ಮ್ ಹೆಸರು ಮಾಡಿದ್ದು ರೇಸಿನ ಥರೋಬ್ರೆಡ್‌ಗಳಿಂದ. ಸವಾರಿಗೆ, ಸಾಕುವ ಆಸೆಗೆ, ಉತ್ಸವದ ಮೆರವಣಿಗೆಗೆ ದೇಸಿ ತಳಿಯೇ ಬೇಕೆನ್ನುವವರು ಜೋಧಪುರ, ಬಾಡಮೇರ್, ಪಾಲಿ ಕಡೆಗೋ ಸೌರಾಷ್ಟ್ರದ ಕಡೆಗೋ ಮುಖ ಮಾಡಬೇಕು. ಮೊದಲಾದರೆ ಪುಷ್ಕರದ ಕಾರ್ತಿಕ ಜಾತ್ರೆಗೋ, ಬಾಲೋತರಾ ಹತ್ತಿರದ ತಿಲವಾಡಾ ಜಾತ್ರೆಗೋ, ಮಹಾರಾಷ್ಟ್ರದ ತಾಪಿ ದಂಡೆಯ ಸಾರಂಗಖೇಡಾಕ್ಕೋ ಹೋಗಿ ಬರುತ್ತಿದ್ದರು. ಈಗ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಕೂತವರಿಗೆ ಮರಿಯ ವಿಡಿಯೊ ಮೊಬೈಲಿಗೇ ಬರುತ್ತದೆ. ಬೆಲೆ ಫೋನಿನಲ್ಲೇ ಕುದುರುತ್ತದೆ. ಸಂಚಕಾರ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಮರಿ ಲಾರಿ ಹತ್ತಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಬರುತ್ತದೆ. ಕೊಂಡವನು ಅದನ್ನು ಮುಟ್ಟಿ ನೋಡುವುದು ಪೂರ್ತಿ ಹಣ ಕೈಬಿಟ್ಟ ಮೇಲೆ.

ನೀರಿನೊಳಗಿನ ಎಮ್ಮೆಗೆ ವ್ಯಾಪಾರ ಮಾಡಬೇಡ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ. ಎಮ್ಮೆ ನೀರಿನಲ್ಲಿದ್ದರೆ ತಪ್ಪು ಎಮ್ಮೆಯದಲ್ಲ, ಮಾರುವವನದೂ ಅಲ್ಲ. ಎದ್ದು ಬರಲಿ, ನೋಡೋಣ ಎಂದರೆ ಮುಗಿಯಿತು. ಎಬ್ಬಿಸಿ ತೋರಿಸಿ ಎಂದವನ ಮೇಲೆ ಮಾರುವವನು ರೇಗಿದರೆ ಮಾತ್ರ ಅನುಮಾನ ಪಡಬೇಕು. ದೂರದಿಂದ ಕುದುರೆ ಕೊಳ್ಳುವುದರ ಸಮಸ್ಯೆಯೂ ಇಷ್ಟೇ. ದೂರ ತೊಂದರೆಯಲ್ಲ. ದೂರವನ್ನು ಮರೆ ಮಾಡಿಕೊಂಡು ರೇಗುವವನು ತೊಂದರೆ.

ಆ ರೇಗಾಟ ಹೇಗಿರುತ್ತದೆ ಎಂಬುದು ಈ ವ್ಯವಹಾರ ಮಾಡಿದವರಿಗೆಲ್ಲ ಗೊತ್ತು. ಮೊದಲ ಎರಡು ದಿನ ಸವಿಮಾತು. ಕಿವಿಯ ತುದಿಗಳು ಹೇಗೆ ಕೂಡಿವೆ ನೋಡಿ, ಕೊರಳ ಮೇಲೆ ದೇವಮಣಿ ಸುಳಿ ನೋಡಿ, ಇದರ ತಂದೆ 65 ಇಂಚು, ಇದು 66 ದಾಟುತ್ತದೆ. ಹುಟ್ಟಿದ ತಾರೀಖು ಯಾವುದು ಎಂದು ಕೇಳಿದರೆ, ಅಂದಾಜು ಹೋಳಿ ಹಬ್ಬದ ಹೊತ್ತಿಗೆ. ಗಟ್ಟಿ ನೆಲದ ಮೇಲೆ ಓಡಿಸಿದ ವಿಡಿಯೊ ಕಳಿಸುತ್ತೀರಾ ಎಂದರೆ, ಹುಡುಗ ಊರಿಗೆ ಹೋಗಿದ್ದಾನೆ. ನಮ್ಮ ಕಡೆಯ ವೈದ್ಯರೊಬ್ಬರು ಬಂದು ನೋಡಬಹುದೇ ಎಂದರೆ ಧ್ವನಿ ಬದಲಾಗುತ್ತದೆ. "ನಂಬಿಕೆ ಇಲ್ಲವೇ? ನಮ್ಮ ತಾತನ ಕಾಲದಿಂದ ಕುದುರೆ ಕೊಡುತ್ತಿದ್ದೇವೆ, ಯಾರೂ ಹೀಗೆ ಕೇಳಿಲ್ಲ. ಬೇಡದಿದ್ದರೆ ಬಿಡಿ, ಪಂಜಾಬಿನವರು ನಾಳೆ ಬರುತ್ತಿದ್ದಾರೆ." ಕೊಳ್ಳುವವನಿಗೆ ಹಿಂದಿ ಅಷ್ಟಕ್ಕಷ್ಟೇ. ಅರ್ಥವಾದದ್ದಕ್ಕೂ ಆಗದ್ದಕ್ಕೂ "ಹಾಂ ಜೀ" ಎನ್ನುತ್ತಾನೆ. ಎದುರಿನವರ ಸಿಟ್ಟಿನಿಂದ ಗಾಬರಿಯಾಗಿ ಕ್ಷಮೆ ಕೇಳುತ್ತಾನೆ. ಅದೇ ಸಂಜೆ ಹಣ ಕಳಿಸುತ್ತಾನೆ. ಗೆಳೆಯರು ಅವನ ಬೆನ್ನು ತಟ್ಟುತ್ತಾರೆ: ಸದ್ಯ, ಮರಿ ಕೈತಪ್ಪಲಿಲ್ಲ.

ಇದನ್ನು ಸಮರ್ಥಿಸುವವರು ಹೇಳುವ ಮೊದಲ ಕಾರಣ, ದೊಡ್ಡ ಬ್ರೀಡರ್‌ಗಳೆಲ್ಲ ಹೀಗೆಯೇ, ಅವರಿಗೆ ತಮ್ಮ ಕುದುರೆಯ ಮೇಲೆ ಅಭಿಮಾನ ಎಂಬುದು. ಅಭಿಮಾನಿಗಳಾದ ಬ್ರೀಡರ್‌ಗಳು ಇದ್ದಾರೆ, ನಿಜ. ಅವರಲ್ಲಿ ಕೆಲವರು ಕಠಿಣರೂ ಹೌದು. ಆದರೆ ಅವರ ಕಾಠಿಣ್ಯ ಎತ್ತ ತಿರುಗಿರುತ್ತದೆ ಎಂಬುದನ್ನು ನೋಡಬೇಕು. ನಿಮ್ಮಲ್ಲಿ ಎಷ್ಟು ಜಾಗ ಇದೆ, ಮರಿಗೆ ಜೊತೆಗೆ ಇನ್ನೊಂದು ಕುದುರೆ ಇದೆಯೇ, ನಿಮ್ಮೂರಿನ ಮಳೆಗೆ ಲಾಯದ ನೆಲ ಒಣಗಿರುತ್ತದೆಯೇ, ಲಾಳ ಕಟ್ಟುವವರು ಹತ್ತಿರದಲ್ಲಿದ್ದಾರೆಯೇ, ಎರಡು ವರ್ಷಕ್ಕೇ ಜೀನು ಹಾಕಿ ಕೂರುವ ಯೋಚನೆಯೇನಾದರೂ ಇದೆಯೇ ಎಂದು ಅವರು ಪೊಲೀಸರಂತೆ ವಿಚಾರಿಸುತ್ತಾರೆ. ಉತ್ತರ ಹಿಡಿಸದಿದ್ದರೆ ಮರಿ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳುತ್ತಾರೆ. ಇಂಥವರನ್ನು ಕಷ್ಟದ ಜನ ಎನ್ನುವುದಾದರೆ ಅಂಥ ಕಷ್ಟ ಹೆಚ್ಚಲಿ. ಅವರು ಮರಿಯ ಪರವಾಗಿ ನಿಂತು ಕೊಳ್ಳುವವನನ್ನು ಪರೀಕ್ಷಿಸುತ್ತಿದ್ದಾರೆ. ಹೀಗೆ ಪರೀಕ್ಷಿಸುವವರು ನಮ್ಮ ಪ್ರಶ್ನೆಗೆ ಬೆನ್ನು ತಿರುಗಿಸುವುದು ಅಪರೂಪ. ತಾಯಿ ಹಾಲು ಎಷ್ಟು ದಿನ ಕುಡಿಯಿತು, ಜಂತುಹುಳುವಿನ ಔಷಧಿ ಯಾವಾಗ ಕೊಟ್ಟೆವು ಎಂಬುದನ್ನೆಲ್ಲ ನಾವು ಕೇಳುವ ಮೊದಲೇ ಹೇಳಿರುತ್ತಾರೆ.

ಇನ್ನೊಬ್ಬನು ನಮ್ಮನ್ನು ಏನೂ ಕೇಳುವುದಿಲ್ಲ. ಮರಿ ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಬೀಳುತ್ತದೆ ಎಂಬುದು ಅವನಿಗೆ ಬೇಡ. ಅವನ ಸಿಡುಕೆಲ್ಲ ನಮ್ಮ ಪ್ರಶ್ನೆಯ ಮೇಲೆ. ಕೇಳುವವನ ಕಾಠಿಣ್ಯವನ್ನೂ ಉತ್ತರ ಕೊಡದವನ ಕಾಠಿಣ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡಕ್ಕೂ ತಳಿಯ ಅಭಿಮಾನ ಎಂದು ಹೆಸರಿಟ್ಟದ್ದೇ ಈ ಬುದ್ಧಿವಾದದ ಮೂಲ ದೋಷ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಕುದುರೆ ವ್ಯಾಪಾರ ನಡೆಯುವುದು ಮಾತಿನ ಮೇಲೆ, ಬರಹದಲ್ಲಿ ಕೇಳುವುದು ಮಾರುವವನಿಗೆ ಅವಮಾನ ಎನ್ನುತ್ತಾರೆ. ಮಾತಿಗೆ ಬೆಲೆ ಕೊಡುವ ಸಂಪ್ರದಾಯವನ್ನು ನಾನು ಗೌರವಿಸುತ್ತೇನೆ. ಆದರೆ ಹಾಗೆನ್ನುವವರು ಭಾರತದ ಒಪ್ಪಂದ ಕಾಯ್ದೆಯನ್ನೊಮ್ಮೆ ಓದಬೇಕು. 1872ರ ಆ ಕಾಯ್ದೆಯ 17ನೇ ಸೆಕ್ಷನ್ ವಂಚನೆ ಎಂದರೇನು ಎಂದು ವಿವರಿಸುತ್ತದೆ. ಬರಿಯ ಮೌನ ವಂಚನೆಯಾಗುವುದು ಯಾವಾಗ ಎಂದು ತಿಳಿಸಲು ಅದು ಎತ್ತಿಕೊಂಡಿರುವ ಉದಾಹರಣೆ ಬೇರೆ ಯಾವುದೂ ಅಲ್ಲ, ಕುದುರೆ.

ಒಬ್ಬನು ತನ್ನ ಕುದುರೆಯಲ್ಲಿ ಊನವಿದೆಯೆಂದು ತಿಳಿದಿದ್ದೂ ಏನನ್ನೂ ಹೇಳದೆ ಅದನ್ನು ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ. ಕಾನೂನು ಅದನ್ನು ವಂಚನೆ ಎನ್ನುವುದಿಲ್ಲ. ಆದರೆ ಕೊಳ್ಳುವವನು, ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕುದುರೆ ಅದೇ, ಊನ ಅದೇ, ಮೌನವೂ ಅದೇ. ಬದಲಾದದ್ದು ಒಂದೇ: ಕೊಳ್ಳುವವನು ಬಾಯಿ ಬಿಟ್ಟ. ಅವನು ಬಾಯಿ ಬಿಟ್ಟ ಕ್ಷಣಕ್ಕೆ ಹೊಣೆ ಅವನಿಂದ ಮಾರುವವನ ಕಡೆಗೆ ದಾಟಿತು.

ಪ್ರಶ್ನೆ ಕೇಳಿದರೆ ಕೆಲವರಿಗೆ ಯಾಕೆ ಅಷ್ಟು ಸಿಟ್ಟು ಬರುತ್ತದೆ ಎಂಬುದು ಈಗ ತಿಳಿಯುತ್ತದೆ. ಅವರಿಗೆ ಸೆಕ್ಷನ್ ಸಂಖ್ಯೆ ಗೊತ್ತಿಲ್ಲದಿರಬಹುದು. ಆದರೆ ಕೇಳದವನಿಗೆ ಏನೂ ಹೇಳದೆ ಮಾರಿದರೆ ಆಮೇಲೆ ತಲೆನೋವಿಲ್ಲ, ಕೇಳಿದವನಿಗೆ ಸುಳ್ಳು ಹೇಳಿ ಮಾರಿದರೆ ತಲೆನೋವು ಎಂಬುದು ವ್ಯಾಪಾರದಲ್ಲಿ ಪಳಗಿದವರಿಗೆ ಚೆನ್ನಾಗಿ ಗೊತ್ತು. ಸಿಟ್ಟು ಇಲ್ಲಿ ಸ್ವಭಾವವಲ್ಲ, ಉಪಾಯ. ಪ್ರಶ್ನೆ ಹುಟ್ಟುವ ಮೊದಲೇ ಅದನ್ನು ನಾಚಿಸಿ ಕೂರಿಸುವ ಉಪಾಯ. ಕೇಳಬೇಡಿ ಎಂದು ಹುಡುಗರಿಗೆ ಬುದ್ಧಿ ಹೇಳುವ ನಮ್ಮ ಹಳಬರು ತಿಳಿಯದೆಯೇ ಆ ಉಪಾಯಕ್ಕೆ ಕೈಜೋಡಿಸುತ್ತಿದ್ದಾರೆ.

1930ರ ಸರಕು ಮಾರಾಟ ಕಾಯ್ದೆಯೂ ಇದೇ ದಾರಿಯಲ್ಲಿ ನಡೆಯುತ್ತದೆ. ಗುಣಮಟ್ಟದ ಬಗ್ಗೆ ತಾನಾಗಿ ಯಾವ ಖಾತರಿಯೂ ಇಲ್ಲ ಎಂಬುದೇ ಅದರ 16ನೇ ಸೆಕ್ಷನ್ನಿನ ಸಾಮಾನ್ಯ ನಿಯಮ. ಆದರೆ ಇದು ಮಕ್ಕಳ ಸವಾರಿಗೆ ಬೇಕು, ಇದು ತಳಿಗೆ ಬೇಕು ಎಂದು ಉದ್ದೇಶವನ್ನು ತಿಳಿಸಿ, ಅದೇ ಕಸುಬಿನಲ್ಲಿರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ ಆ ಉದ್ದೇಶಕ್ಕೆ ಅದು ಒದಗಬೇಕಾಗುತ್ತದೆ. ವಿವರಣೆ ಕೊಟ್ಟು ಮಾರಿದ್ದು ಆ ವಿವರಣೆಗೆ ಹೊಂದಬೇಕು ಎನ್ನುತ್ತದೆ 15ನೇ ಸೆಕ್ಷನ್. ಮೊದಲು ಪರೀಕ್ಷಿಸದೆ ಕೊಂಡವನಿಗೆ, ಕೈಸೇರಿದ ಮೇಲೆ ಪರೀಕ್ಷಿಸಲು ತಕ್ಕ ಅವಕಾಶ ಸಿಗುವ ತನಕ ಅವನು ಅದನ್ನು ಒಪ್ಪಿಕೊಂಡನೆಂದು ಎಣಿಸುವಂತಿಲ್ಲ ಎನ್ನುತ್ತದೆ 41ನೇ ಸೆಕ್ಷನ್. ಸ್ವಂತಕ್ಕೆಂದು ಕೊಂಡವನಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇನ್ನೊಂದು ಬಾಗಿಲು ತೆರೆದಿದೆ: ದೂರನ್ನು ಮಾರುವವನ ಊರಿಗೆ ಹೋಗಿಯೇ ಕೊಡಬೇಕಿಲ್ಲ, ತಾನಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ನೋಡದೆ ಕೊಂಡವನದೇ ತಪ್ಪು ಎಂಬ ತೀರ್ಪನ್ನು ನಮ್ಮ ಹರಟೆಕಟ್ಟೆ ಕೊಟ್ಟಿರಬಹುದು, ಈ ದೇಶದ ಕಾನೂನು ಕೊಟ್ಟಿಲ್ಲ.

ಆದರೆ ಕಾನೂನು ಸೋಮಾರಿಗೆ ಒದಗುವುದಿಲ್ಲ. ಒಪ್ಪಂದ ಕಾಯ್ದೆಯ 19ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ಸಾಮಾನ್ಯ ಎಚ್ಚರಿಕೆಯಿಂದ ನಿಜವನ್ನು ತಿಳಿಯಬಹುದಾಗಿದ್ದವನು, ಎದುರಿನವನ ಮೌನದಿಂದ ಮೋಸಹೋದೆ ಎಂದು ಒಪ್ಪಂದವನ್ನು ರದ್ದುಪಡಿಸುವಂತಿಲ್ಲ. ಆದ್ದರಿಂದ ಮರಿಯನ್ನು ಪರೀಕ್ಷೆ ಮಾಡಿಸುವುದು ಅನುಮಾನದ ಬುದ್ಧಿಯಲ್ಲ, ಕೊಳ್ಳುವವನ ಕರ್ತವ್ಯ. ಮಾರುವವನು ಅದಕ್ಕೆ ಅಡ್ಡ ನಿಂತರೆ ಅವನು ತಡೆಯುತ್ತಿರುವುದು ಆ ಕರ್ತವ್ಯವನ್ನು.

ಇಲ್ಲಿಗೆ ಮೂರನೆಯ ಕಾರಣ ಬರುತ್ತದೆ. ಆರು ತಿಂಗಳ ಮರಿಯಲ್ಲಿ ಪರೀಕ್ಷೆ ಮಾಡುವುದಾದರೂ ಏನು, ಅದರ ಮೇಲೆ ಕೂತು ನೋಡಲಾಗುತ್ತದೆಯೇ, ತಾಯಿ ತಂದೆಯನ್ನು ನೋಡಿದರೆ ಸಾಲದೇ ಎನ್ನುತ್ತಾರೆ. ಇದು ಅರಿವಿಲ್ಲದ ಮಾತು. ಮರಿಯಲ್ಲಿ ನೋಡಬೇಕಾದ್ದು ಬೆಳೆದ ಕುದುರೆಗಿಂತ ಕಡಿಮೆಯೇನಿಲ್ಲ. ನೋಡುವ ಜಾಗಗಳು ಬೇರೆ.

ವಯಸ್ಸನ್ನೇ ತೆಗೆದುಕೊಳ್ಳಿ. ಮರಿಯ ಮುಂದಿನ ನಡು ಹಾಲುಹಲ್ಲುಗಳು ಹುಟ್ಟಿದ ಮೊದಲ ವಾರದ ಆಸುಪಾಸಿನಲ್ಲೇ ಕಾಣುತ್ತವೆ. ಅವುಗಳ ಪಕ್ಕದವು ಒಂದೆರಡು ತಿಂಗಳಲ್ಲಿ ಬರುತ್ತವೆ. ಮೂಲೆಯ ಹಲ್ಲುಗಳು ಬರುವುದು ಆರರಿಂದ ಒಂಬತ್ತು ತಿಂಗಳ ನಡುವೆ. ತುಟಿ ಎತ್ತಿ ಹಿಡಿದ ಒಂದು ಫೋಟೊ ಸಾಕು, ಹೋಳಿಗೆ ಹುಟ್ಟಿತೋ ದಸರೆಗೆ ಹುಟ್ಟಿತೋ ತಿಳಿದವರು ಹೇಳುತ್ತಾರೆ. ಇದು ಬರಿಯ ತಾರೀಖಿನ ಜಗಳವಲ್ಲ. ಕುದುರೆ ಮರಿ ಆರು ತಿಂಗಳಿಗೇ ತನ್ನ ಪೂರ್ತಿ ಎತ್ತರದ ನೂರಕ್ಕೆ 80 ಪಾಲಿಗಿಂತ ಹೆಚ್ಚು ಬೆಳೆದಿರುತ್ತದೆ, ವರ್ಷಕ್ಕೆ 90ರ ಹತ್ತಿರ ಬರುತ್ತದೆ. ಹತ್ತು ತಿಂಗಳಿನದನ್ನು ಆರು ತಿಂಗಳಿನದೆಂದು ಹೇಳಿ ಮಾರಿದರೆ ಅದು ವಯಸ್ಸಿಗೆ ಮೀರಿ ಎತ್ತರವಾಗಿ ಕಾಣುತ್ತದೆ. 66 ಇಂಚು ದಾಟುತ್ತದೆ ಎಂಬ ಭರವಸೆ ಹುಟ್ಟುವುದು ಹಾಗೆ. ಈ ವ್ಯಾಪಾರದಲ್ಲಿ ಬೆಲೆ ಏರುವುದೇ ಇಂಚಿನ ಮೇಲೆ. ಹಾಗಿರುವಾಗ ಹಲ್ಲಿನ ಫೋಟೊ ಕೇಳಿದರೆ ಯಾರಿಗಾದರೂ ಯಾಕೆ ಅವಮಾನವಾಗಬೇಕು?

ಕಾಲಿಗೆ ಬನ್ನಿ. ಮಂಡಿ ಒಳಕ್ಕೋ ಹೊರಕ್ಕೋ ಬಾಗಿದ್ದರೆ, ಗೊರಸಿನ ಮೇಲಿನ ಕೀಲು ತಿರುಚಿದ್ದರೆ ಸರಿಪಡಿಸಲು ಕಾಲಮಿತಿ ಇದೆ. ಗೊರಸಿನ ಮೇಲಿನ ಕೀಲಿನ ಹತ್ತಿರ ಎಲುಬು ಬಿರುಸಾಗಿ ಬೆಳೆಯುವುದು ಮೊದಲ ಮೂರು ತಿಂಗಳು. ಅಷ್ಟರೊಳಗೆ ಗೊರಸು ಕೆತ್ತಿಯೋ ಶಸ್ತ್ರಚಿಕಿತ್ಸೆ ಮಾಡಿಯೋ ತಿದ್ದದಿದ್ದರೆ ಆಮೇಲೆ ತಿದ್ದುವುದು ಬಹಳ ಕಷ್ಟ. ಆರು ತಿಂಗಳ ಮರಿಯ ಕಾಲು ಸೊಟ್ಟಗಿದ್ದರೆ ಬೆಳೀತಾ ಬೆಳೀತಾ ಸರಿಹೋಗುತ್ತದೆ ಎಂಬ ಸಮಾಧಾನವನ್ನು ವೈದ್ಯರ ಬಾಯಿಂದ ಕೇಳಬೇಕು, ಮಾರುವವನ ಬಾಯಿಂದಲ್ಲ. ಹಿಂಗಾಲಿನ ಮೊಣಚಿಪ್ಪು ಸಿಕ್ಕಿಕೊಂಡು ಕಾಲು ಮಡಿಸಲಾಗದೆ ಎಳೆಯುವ ತೊಂದರೆ ಎಳೆಯ ಕುದುರೆಗಳಲ್ಲಿ ಕಾಣುತ್ತದೆ. ಲಾಯದಿಂದ ಹೊರಟ ಮೊದಲ ಹೆಜ್ಜೆಗಳಲ್ಲಿ ಅದು ಗೊತ್ತಾಗಬಹುದು, ಮೈ ಬಿಸಿಯಾದ ಮೇಲೆ ತೆಗೆದ ವಿಡಿಯೊದಲ್ಲಿ ಕಾಣದೇ ಹೋಗಬಹುದು. ಕುಂಟು ಕಂಡುಹಿಡಿಯಬೇಕೆಂದರೆ ಗಟ್ಟಿ ನೆಲದ ಮೇಲೆ, ನೇರ ಗೆರೆಯಲ್ಲಿ, ಸಡಿಲ ಹಗ್ಗದಲ್ಲಿ ಮರಿಯನ್ನು ಓಡಿಸಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಅದು ತಲೆ ಎತ್ತುತ್ತದೆ. ಮರಳಿನಲ್ಲಿ ಕುಣಿಸಿ, ಹಗ್ಗ ಬಿಗಿಹಿಡಿದು ತಲೆ ಮೇಲಕ್ಕೆತ್ತಿಸಿ ತೆಗೆದ ವಿಡಿಯೊದಲ್ಲಿ ಠೀವಿ ಕಾಣುತ್ತದೆ, ಕುಂಟು ಕಾಣುವುದಿಲ್ಲ.

ಇನ್ನೂ ಇದೆ. ಮೇಲಿನ ದವಡೆ ಮುಂದಕ್ಕೆ ಚಾಚಿ ಹಲ್ಲು ಹಲ್ಲಿಗೆ ಕೂಡದ ಮರಿ ಜೀವನವಿಡೀ ಹುಲ್ಲು ಕಚ್ಚಲು ಒದ್ದಾಡಬಹುದು. ಹೊಕ್ಕುಳಲ್ಲಿ ಹರ್ನಿಯಾ ಇರಬಹುದು. ಗಂಡುಮರಿಯ ಬೀಜ ಕೆಳಗಿಳಿದಿರದೆ ಇರಬಹುದು; ತಳಿಗೆಂದು ಕೊಳ್ಳುವವನಿಗೆ ಇದೊಂದೇ ಸಾಕು ಬೇಡವೆನ್ನಲು. ಹೃದಯದ ಸದ್ದು, ಕಣ್ಣಿನ ಪೊರೆ ನೋಡಲು ಸವಾರಿ ಬೇಕಿಲ್ಲ, ಸ್ಟೆತಸ್ಕೋಪು ಮತ್ತು ಬೆಳಕು ಸಾಕು. ಇಂಗ್ಲೆಂಡಿನಲ್ಲಿ ಕುದುರೆ ಕೊಳ್ಳುವ ಮುನ್ನ ಐದು ಹಂತದ ವೈದ್ಯಕೀಯ ಪರೀಕ್ಷೆ ಮಾಡಿಸುವುದು ವಾಡಿಕೆ. ಸವಾರಿಗೆ ಪಳಗದ ಎಳೆಯ ಕುದುರೆಗೆ ಮೊದಲೆರಡು ಹಂತಗಳನ್ನಷ್ಟೇ ಮಾಡುವುದೂ ಉಂಟು. ಪೂರ್ತಿ ಪರೀಕ್ಷೆಯ ದಿನ ತೆಗೆದ ರಕ್ತವನ್ನು ಆರು ತಿಂಗಳು ಕಾಪಿಡುತ್ತಾರೆ. ನೋವಿನ ಔಷಧಿ ಕೊಟ್ಟು ಕುಂಟು ಮರೆಮಾಡಿದ್ದರು ಎಂಬ ಅನುಮಾನ ಆಮೇಲೆ ಬಂದರೆ ಆ ರಕ್ತವೇ ಸಾಕ್ಷಿ ಹೇಳುತ್ತದೆ. ಅಲ್ಲಿನ ಬ್ರೀಡರ್‌ಗಳಿಗೆ ಅಭಿಮಾನವಿಲ್ಲವೇ?

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಗ್ಲಾಂಡರ್ಸ್‌ನದು. ಈ ಬ್ಯಾಕ್ಟೀರಿಯಾ ರೋಗ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ದಾಟುತ್ತದೆ. ರೋಗ ದೃಢಪಟ್ಟ ಪ್ರಾಣಿಗೆ ಚಿಕಿತ್ಸೆ ಕೊಡುವುದಿಲ್ಲ, ಕಾನೂನಿನ ಪ್ರಕಾರ ಅದನ್ನು ಕೊಲ್ಲಬೇಕಾಗುತ್ತದೆ. ರಕ್ತದ ಮಾದರಿಯನ್ನು ಪರೀಕ್ಷಿಸಿ ಹೇಳಲು ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವೇ ಇದೆ. ವರದಿ ಬರುವ ತನಕ ಮರಿಯನ್ನು ಕಳಿಸಬೇಡಿ ಎಂದು ಕೇಳುವುದು ನಮ್ಮ ಲಾಯದ ಉಳಿದ ಕುದುರೆಗಳ, ಅವುಗಳ ಮೈ ತಿಕ್ಕುವ ಸಾಯಿಸ್‌ನ, ಅವುಗಳ ಕೊರಳಿಗೆ ಜೋತುಬೀಳುವ ಮಕ್ಕಳ ಜೀವದ ಪ್ರಶ್ನೆ. ಇದಕ್ಕೂ ಸಿಡುಕುವವನ ಮರಿಯ ಕಿವಿ ಎಷ್ಟು ಚೆಂದ ಕೂಡಿದ್ದರೂ ಅದು ನಮ್ಮ ಮನೆಗೆ ಬರಕೂಡದು.

ಇಷ್ಟು ಹೇಳಿದ ಮೇಲೆ ನಾಲ್ಕನೆಯ ಮಾತು ಕೇಳಿಬರುತ್ತದೆ: ಸಂಚಕಾರ ಕೊಟ್ಟಾಗಿದೆ, ಈಗ ಹಿಂದೆ ಸರಿದರೆ ಅಷ್ಟೂ ಹೋಯಿತು, ಹೇಗಾದರೂ ಸುಧಾರಿಸಿಕೊ. ಸುಧಾರಿಸಿಕೊಳ್ಳುವುದು ಒಂದು ದಿನವಲ್ಲ. ಕುದುರೆ 25 ವರ್ಷ ಬದುಕುತ್ತದೆ, ಚೆನ್ನಾಗಿ ನೋಡಿಕೊಂಡರೆ 30ನ್ನೂ ಮುಟ್ಟುತ್ತದೆ. ಮೇವು, ಹುರುಳಿ, ಲಾಳ, ಸಾಯಿಸ್‌ನ ಸಂಬಳ, ವೈದ್ಯರ ಖರ್ಚು ಸೇರಿಸಿದರೆ ಕೊಂಡ ಬೆಲೆ ಒಂದೆರಡು ವರ್ಷದಲ್ಲೇ ಸಣ್ಣದಾಗಿ ಹೋಗುತ್ತದೆ. ಕಳೆದ ಸಂಚಕಾರ ಒಂದು ಸಲದ ನಷ್ಟ. ಕುಂಟುವ ಕುದುರೆ ದಿನದಿನದ ನಷ್ಟ, ದಿನದಿನದ ಸಂಕಟ. ಆ ಸಂಕಟವನ್ನು ಅನುಭವಿಸುವುದು ಸಾಕಿದವನೊಬ್ಬನೇ ಅಲ್ಲ. ಇವನಿಗೆ ಬೇಡವಾದ ಕುದುರೆ ಕೈಯಿಂದ ಕೈಗೆ ಇಳಿಯುತ್ತಾ ಹೋಗಿ ಕೊನೆಗೆ ಯಾವುದೋ ಮದುವೆ ಮೆರವಣಿಗೆಯ ಡಾಂಬರು ರಸ್ತೆಯಲ್ಲಿ ನೋವಿನ ಕಾಲೂರಿ ನಿಲ್ಲುತ್ತದೆ. ಹಾಗಾಗಿ ಸಂಚಕಾರ ಕೊಡುವ ಮೊದಲೇ ಒಂದು ಸಾಲು ಬರೆಸಿಕೊಳ್ಳಬೇಕು: ವೈದ್ಯರ ಪರೀಕ್ಷೆಯಲ್ಲಿ ದೋಷ ಕಂಡರೆ ಹಣ ಪೂರ್ತಿ ವಾಪಸ್. ಬರೆದುಕೊಡಲು ಒಪ್ಪದವನಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಹಾಗಿದ್ದರೆ ಹೋಗಿಯೇ ನೋಡಿಬರಲಿ ಎನ್ನುವವರಿಗೂ ಉತ್ತರ ಇದೆ. ಹೋಗಿ ನೋಡುವುದು ಒಳ್ಳೆಯದೇ, ಆದರೆ ನೋಡುವುದೂ ಪರೀಕ್ಷಿಸುವುದೂ ಒಂದೇ ಅಲ್ಲ. ಜಾತ್ರೆಯ ಗದ್ದಲದಲ್ಲಿ, ದಲ್ಲಾಳಿಯ ಮಾತಿನ ನಡುವೆ, ಸಿಂಗರಿಸಿ ನಿಲ್ಲಿಸಿದ ಮರಿಯನ್ನು ಹತ್ತು ನಿಮಿಷ ನೋಡಿ ಕೊಂಡವರೂ ಮೋಸಹೋಗಿದ್ದಾರೆ. ಥರೋಬ್ರೆಡ್ ಲೋಕದಲ್ಲಿ ಕೊಳ್ಳುವವನು ಸಮುದ್ರದಾಚೆ ಕೂತೇ ಮರಿ ಕೊಳ್ಳುತ್ತಾನೆ. ಅಲ್ಲಿ ಅದು ನಡೆಯುವುದು ಕಾಗದದ ಬಲದಿಂದ. ಡಿಎನ್ಎ ಪರೀಕ್ಷೆಯಿಂದ ತಾಯಿ ತಂದೆ ಖಚಿತವಾಗದೆ ಮರಿಯ ಹೆಸರು ಸ್ಟಡ್ ಬುಕ್ ಸೇರುವುದಿಲ್ಲ. ಅಮೆರಿಕದ ಕೀನ್‌ಲ್ಯಾಂಡ್ ಹರಾಜಿನಲ್ಲಿ ಮರಿಗಳ ಎಕ್ಸ್‌ರೇಗಳನ್ನು ಒಂದೆಡೆ ಇಟ್ಟಿರುತ್ತಾರೆ, ಕೊಳ್ಳುವವರ ವೈದ್ಯರು ಹರಾಜಿಗೆ ಮೊದಲೇ ನೋಡಿಕೊಳ್ಳುತ್ತಾರೆ. ಅಷ್ಟು ದುಬಾರಿ ಕುದುರೆಗಳ ಒಡೆಯರೇ ತೋರಿಸಲು ಸಿದ್ಧರಿರುವಾಗ ನಮ್ಮಲ್ಲಿ ತೋರಿಸಿ ಎನ್ನುವುದು ಹೇಗೆ ಅಪಚಾರವಾಗುತ್ತದೆ? ದೇಸಿ ತಳಿಗಳಿಗೂ ಸಂಘಗಳಿವೆ, ನೋಂದಣಿ ಇದೆ, 15 ಅಂಕಿಯ ಮೈಕ್ರೋಚಿಪ್ಪು ಇದೆ. ವಿಡಿಯೊದಲ್ಲಿ ಕಂಡ ಮರಿ, ವೈದ್ಯರು ಪರೀಕ್ಷಿಸಿದ ಮರಿ, ಲಾರಿಯಿಂದ ಇಳಿದ ಮರಿ ಮೂರೂ ಒಂದೇ ಎನ್ನುವುದಕ್ಕೆ ಆ ಅಂಕಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಿಡುಕಿಗೆ ಮಣಿದು ಮಾಡಿದ ವ್ಯಾಪಾರದ ಕೊನೆಯ ಬೆಲೆ ತೆರುವುದು ಮರಿ. ಮರಿಯನ್ನು ತಾಯಿ ಹಾಲಿನಿಂದ ಬಿಡಿಸುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ. ಹಾಲು ಬಿಟ್ಟ ಮೇಲೆ ಕೆಲವು ವಾರ ಅದೇ ಲಾಯದಲ್ಲಿ, ಪರಿಚಯದ ಜೊತೆಗಾರರ ನಡುವೆ ಇದ್ದು ಮೇವಿಗೆ ಒಗ್ಗಿಕೊಂಡರೆ ಪಯಣದ ಕಷ್ಟವನ್ನು ತಡೆದುಕೊಳ್ಳುತ್ತದೆ. ಹಣ ಬಂದ ಮರುದಿನವೇ ಜಾಗ ಖಾಲಿ ಮಾಡಿಕೊಳ್ಳುವವನು ತಾಯಿಯಿಂದ ಬಿಡಿಸಿದ ದಿನವೇ ಲಾರಿ ಹತ್ತಿಸುತ್ತಾನೆ. ತಲೆಯನ್ನು ಎತ್ತರಕ್ಕೆ ಕಟ್ಟಿ ಒಯ್ದರೆ ಕುದುರೆಗೆ ತಲೆ ತಗ್ಗಿಸಿ ಉಸಿರ್ನಾಳದ ಕಫವನ್ನು ಹೊರಹಾಕಲು ಆಗುವುದಿಲ್ಲ. ದೂರದ ಪಯಣದ ನಂತರ ಬರುವ ಶ್ವಾಸಕೋಶದ ಸೋಂಕಿಗೆ ಇದೊಂದು ಮುಖ್ಯ ಕಾರಣ. ಪಯಣಕ್ಕೆ ಯೋಗ್ಯ ಎಂದು ಪಶುವೈದ್ಯರ ಪ್ರಮಾಣಪತ್ರವಿಲ್ಲದೆ ಕುದುರೆಯನ್ನು ಸಾಗಿಸುವಂತಿಲ್ಲ ಎಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ಯಾವಾಗ ಹಾಲು ಬಿಡಿಸಿದಿರಿ, ಎಲ್ಲೆಲ್ಲಿ ಲಾರಿ ನಿಲ್ಲಿಸುತ್ತೀರಿ, ನೀರು ಯಾರು ಕೊಡುತ್ತಾರೆ, ಪ್ರಮಾಣಪತ್ರ ಎಲ್ಲಿ ಎಂದು ಕೇಳಲು ಹೆದರಿದವನು ತನ್ನ ಕುದುರೆಯ ಮೊದಲ ಹೊಣೆಯಿಂದಲೇ ತಪ್ಪಿಸಿಕೊಂಡ ಹಾಗೆ.

ಬ್ರೀಡರ್‌ಗಳ ಕಡೆಗೂ ನ್ಯಾಯವಿದೆ. ಕೊಳ್ಳುವ ಮನಸ್ಸೇ ಇಲ್ಲದೆ ದಿನಕ್ಕೊಂದು ವಿಡಿಯೊ ಕೇಳುವವರು, ಬೆಲೆ ಒಪ್ಪಿ ಆಮೇಲೆ ಚೌಕಾಸಿಗೆ ಇಳಿಯುವವರು, ಮರಿಯನ್ನು ತಿಂಗಳುಗಟ್ಟಲೆ ಕಾಯಿಸಿ ಕೈಕೊಡುವವರು ಅವರನ್ನು ಬೇಸರಗೊಳಿಸಿದ್ದಾರೆ. ಬಿಸಿಲಿನಲ್ಲಿ ಕೆಲಸ ಮಾಡುವವನು ನಡುರಾತ್ರಿಯ ಸಂದೇಶಕ್ಕೆ ಬೇಸತ್ತು ಗದರಿದರೆ ಅದು ಮನುಷ್ಯಸಹಜ. ಆ ಬೇಸರಕ್ಕೆ ಮದ್ದು ಕೊಳ್ಳುವವನ ಶಿಸ್ತು, ಕೊಳ್ಳುವವನ ಮೌನವಲ್ಲ. ಕೇಳಬೇಕಾದ್ದನ್ನೆಲ್ಲ ಒಂದೇ ಸಲ, ಒಂದೇ ಪಟ್ಟಿಯಾಗಿ ಕಳಿಸಿ. ಅವರಿಗೆ ಅರ್ಥವಾಗುವ ಹಿಂದಿಯಲ್ಲಿ ಬರೆಯಿರಿ, ಬಾರದಿದ್ದರೆ ಬಲ್ಲವರಿಂದ ಬರೆಸಿ. ವೈದ್ಯರನ್ನು ನೀವೇ ಗೊತ್ತುಮಾಡಿ, ಖರ್ಚು ನೀವೇ ಕೊಡಿ. ಮಾರುವವನಿಗೆ ಬೇಕಾದವರಲ್ಲದ ವೈದ್ಯರು ಆ ಜಿಲ್ಲೆಯಲ್ಲೇ ಸಿಗುತ್ತಾರೆ. ಪರೀಕ್ಷೆ ಸರಿಯಾಗಿದ್ದರೆ ಒಪ್ಪಿದ ಬೆಲೆಗೆ ಒಂದು ಪೈಸೆ ಕಡಿಮೆ ಮಾಡದೆ, ಹೇಳಿದ ದಿನ ಹಣ ಕಳಿಸಿ. ಅವರು ನಿಮ್ಮ ಲಾಯದ ವಿಡಿಯೊ ಕೇಳಿದರೆ ಮುನಿಸಿಕೊಳ್ಳದೆ ತೋರಿಸಿ. ಇಷ್ಟು ಮಾಡಿದ ಮೇಲೂ ಸಿಡುಕುವವನ ಹತ್ತಿರ ವ್ಯಾಪಾರ ಬೇಡ, ಅಷ್ಟೇ. ಜಗಳವೂ ಬೇಡ. ಅವನು ಉತ್ತರ ಕೊಡದೆ ಇರುವುದೇ ಅವನ ಉತ್ತರ ಎಂದು ತಿಳಿದು ಮುಂದಿನ ಮನೆಗೆ ಹೋಗಿ.

ಮುಂದಿನ ಮನೆ ಇದೆ ಎಂಬುದನ್ನು ನೆನಪಿಡಬೇಕು. ಇದು ಬಿಟ್ಟರೆ ಇಂಥ ಮರಿ ಸಿಗದು ಎಂಬ ಅವಸರವೇ ಸಿಡುಕಿಗೆ ಬಲ ಕೊಡುವುದು. ಮಾರ್ವಾಡದಲ್ಲೂ ಸೌರಾಷ್ಟ್ರದಲ್ಲೂ ಪ್ರತಿವರ್ಷ ಮರಿಗಳು ಹುಟ್ಟುತ್ತವೆ. ತಮ್ಮ ಮರಿಯ ಹಲ್ಲು, ಕಾಲು, ಕಾಗದ, ಊನ ಎಲ್ಲವನ್ನೂ ತೋರಿಸಿ ನ್ಯಾಯವಾದ ಬೆಲೆ ಕೇಳುವವರೂ ಅಲ್ಲಿದ್ದಾರೆ. ರಕ್ತಪರೀಕ್ಷೆಗೆ, ಚಿಪ್ಪಿಗೆ, ನೋಂದಣಿಗೆ ಅವರು ಕೈಯಿಂದ ಖರ್ಚು ಮಾಡಿರುತ್ತಾರೆ. ಅದಕ್ಕಾಗಿ ಅವರ ಮರಿಗೆ ಸ್ವಲ್ಪ ಹೆಚ್ಚು ಬೆಲೆ. ನಾವು ಸಿಡುಕನ ಹಿಂದೆ ಓಡಿದಾಗಲೆಲ್ಲ ಇವರ ಪ್ರಾಮಾಣಿಕತೆ ಇವರಿಗೇ ಭಾರವಾಗುತ್ತದೆ. ತೋರಿಸದವನೂ ಮಾರುತ್ತಾನೆ ಎಂದಾದರೆ ತೋರಿಸುವ ಖರ್ಚು ಯಾಕೆ ಎಂದು ಅವರ ಮಕ್ಕಳು ಕೇಳುವ ದಿನ ಬರುತ್ತದೆ. ಅಂಥ ದಿನ ಬಂದರೆ ತಳಿ ಕೆಡುತ್ತದೆ. ಬೀಜ ಇಳಿಯದ, ದವಡೆ ಕೂಡದ, ಕಾಲು ತಿರುಚಿದ ಕುದುರೆಗಳು ಕಿವಿಯ ಚೆಂದಕ್ಕೇ ತಳಿಗೆ ನಿಲ್ಲುತ್ತವೆ.

ಆದ್ದರಿಂದ ಹಳಬರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಕುದುರೆ ಕೊಳ್ಳಲು ಹೊರಟ ಹುಡುಗನಿಗೋ ಹುಡುಗಿಗೋ ತಗ್ಗಿಬಗ್ಗಿ ನಡೆಯಲು ಕಲಿಸಬೇಡಿ. ಹಲ್ಲಿನ ಫೋಟೊ ಕೇಳಲು ಕಲಿಸಿ. ಗ್ಲಾಂಡರ್ಸ್ ವರದಿ ಕೇಳಲು ಕಲಿಸಿ. ನೀವು ಅಲ್ಲವೆನ್ನದಿದ್ದರೆ ಮರಿ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂಬ ಒಂದು ವಾಕ್ಯವನ್ನು ಬರೆದು ಕಳಿಸಲು ಕಲಿಸಿ. ಅದನ್ನು ಓದಿ ಸಿಟ್ಟಾಗುವವನ ಮರಿಯನ್ನು ಬಿಟ್ಟುಬರುವ ಧೈರ್ಯ ತುಂಬಿ. ಕೊಳ್ಳುವವರು ಹತ್ತು ಜನ ಹೀಗೆ ಗಟ್ಟಿಯಾಗಿ ನಿಂತರೆ ಹನ್ನೊಂದನೆಯವರಿಗೆ ಉತ್ತರ ತಾನಾಗಿ ಸಿಗುತ್ತದೆ.